ಬಾಸ್‌ನ ಅಂಗಡಿಯ ಬೋರ್ಡು

ನಮ್ಮಕ್ಕನಿಗೆ ಜಂಬ ಜಾಸ್ತಿ. ತಂಗಿಯಾದ ನಾನು ಹೇಳಬಹುದು. ಬೇರೆ ಯಾರಾದರೂ ಹೇಳಿದರೆ ನಾನು ಸುಮ್ಮನಿರುವವಳಲ್ಲ. ಬೀದಿಯವರು ಅವಳನ್ನು ಬೋರ್ಡಕ್ಕ ಎಂದೇ ಕರೆಯುತ್ತಾರೆ. ಅಂಗಡಿಗಳ ಬೋರ್ಡನ್ನು ಕುಂಚ ಹಿಡಿದು ಬರೆಯುವವಳು ಅವಳು. ಏಣಿ ಹಿಡಿಯುವವಳು, ಬಣ್ಣ ಕಲಸುವವಳು, ಬೈಸಿಕೊಳ್ಳುವವಳು ನಾನು.

ಅವಳದೊಂದು ಕಟ್ಟಳೆಯಿದೆ: ಬಣ್ಣಕ್ಕೆ ಮೊದಲು ಸೀಮೆಸುಣ್ಣ. ಗಿರಾಕಿ ಹೇಳಿದ್ದನ್ನು ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದು ಒಂದು ಹಗಲು ಹಾಗೇ ಬಿಡುತ್ತಾಳೆ. ಸಂಜೆಯವರೆಗೆ ಗಿರಾಕಿ ಒರೆಸದಿದ್ದರೆ ಮಾತ್ರ ಕುಂಚ ಎತ್ತುತ್ತಾಳೆ. ಅವಸರದವರು ಗೊಣಗುತ್ತಾರೆ. ಅವಳು ಕಿವಿಗೇ ಹಾಕಿಕೊಳ್ಳುವುದಿಲ್ಲ. "ನನ್ನ ಬಣ್ಣ ಅವರ ಅವಸರಕ್ಕಿಂತ ಜಾಸ್ತಿ ದಿನ ಇರತ್ತೆ ಕಣೇ, ಕಾಯ್ಲಿ" ಅನ್ನುತ್ತಾಳೆ.

ಈ ಕಟ್ಟಳೆಗೆ ಸವಾಲಾಗಿ ಬಂದವನು ಸೈಕಲ್ ರಿಪೇರಿಯ ಬಾಸ್. ಅವನು ಯಾವತ್ತೂ ಯಾರಿಗೂ ಬಾಸ್ ಆಗಿದ್ದವನಲ್ಲ. ಎದುರಿಗೆ ಸಿಕ್ಕವರನ್ನೆಲ್ಲ 'ಬಾಸ್' ಎಂದು ಕರೆದೂ ಕರೆದೂ ಆ ಹೆಸರು ಅವನಿಗೇ ಅಂಟಿಕೊಂಡಿತ್ತು. ಮದುವೆಯ ಮಾತುಕತೆಯಲ್ಲಿ ತನ್ನಪ್ಪನನ್ನೂ ಹಾಗೇ ಕರೆದನೆಂದು ಅವನ ಹೆಂಡತಿ ಇಂದಿಗೂ ರೇಗಿಸುತ್ತಾಳೆ. ಮೀಸೆ ಮೂಡುವ ಮೊದಲೇ ಆ ಅಂಗಡಿಗೆ ಕೆಲಸಕ್ಕೆ ಸೇರಿದವನು. ಈಗ ಹಳೆಯ ಯಜಮಾನರಿಗೆ ಕೈನಡುಕ ಬಂದು ಸ್ಪ್ಯಾನರ್ ಹಿಡಿಯಲಾಗುತ್ತಿರಲಿಲ್ಲ. ಮಕ್ಕಳಿಲ್ಲದ ಅವರು ಅಂಗಡಿಯನ್ನು ಇವನಿಗೇ ಬಿಟ್ಟುಕೊಟ್ಟು ಮನೆ ಸೇರಿದ್ದರು.

ಹೊಸ ಬೋರ್ಡಿಗೆ ಹೇಳಿದವಳು ಬಾಸ್‌ನ ಹೆಂಡತಿ. ಅಕ್ಕ 'ಬಾಸ್‌ನ ಸೈಕಲ್ ಅಂಗಡಿ' ಎಂದು ಸೀಮೆಸುಣ್ಣದಲ್ಲಿ ಬರೆದಳು. ಸಂಜೆ ಹೋಗಿ ನೋಡಿದರೆ ಬೋರ್ಡು ಬೋಳು.

"'ಬಾಸ್‌ನ' ಅಂದ್ರೆ ಯಾರೋ ಏಕವಚನದಲ್ಲಿ ಬೈದ ಹಾಗಿದೆ ಬಾಸ್" ಎಂದ ಬಾಸ್, ಅಕ್ಕನಿಗೆ.

ಸರಿ, 'ಬಾಸ್ ಅವರ' ಎಂದು ಬರೆದಳು. ತನಗೆ ತಾನೇ ಹಾರ ಹಾಕಿಕೊಂಡ ಹಾಗಾಯಿತೆಂದು ಅದನ್ನೂ ಒರೆಸಿದ. ಆಮೇಲೆ 'ಬಾಸಿನ' ಎಂದು ಬರೆದದ್ದಾಯಿತು. ಎದುರಿನ ದರ್ಜಿ ಕತ್ತರಿ ಕೆಳಗಿಟ್ಟು, "ಬಸ್ಸಿನ ಬಾಗಿಲು, ಬಾಸಿನ ಅಂಗಡಿ. ಟಿಕೆಟ್ ಎಲ್ಲಿ ಕೊಡ್ತೀರಿ?" ಎಂದು ಕೇಳಿದ. ಬೀದಿಯೆಲ್ಲ ನಕ್ಕಿತು. ಬಾಸ್ ನಗಲಿಲ್ಲ, ಒಳಗಿಂದ ಒದ್ದೆ ಬಟ್ಟೆ ತಂದ. 'ಸ್' ಎಂದು ಮುಗಿಯುವ ಹೆಸರಿಗೆ ಒಡೆತನ ಅಂಟಿಸುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಏಣಿ ಹೊತ್ತು ಹೊತ್ತು ನನ್ನ ಭುಜ ಹಿಡಿದುಕೊಂಡಿತ್ತು. ಪಿತ್ತ ನೆತ್ತಿಗೇರಿತು. "ಬರೀ 'ಸೈಕಲ್ ಅಂಗಡಿ' ಅಂತ ಬರೆದು ಕೈ ತೊಳ್ಕೋ ಅಕ್ಕ" ಎಂದೆ. ಅಷ್ಟರಲ್ಲಿ ಬಾಸ್‌ನ ಹೆಂಡತಿ ತಿರುವಿನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದಳು. ಅವಳ ಕಣ್ಣು ಕೆಂಪಾಗಿತ್ತು.

"ಅಂಗಡಿ ವಾಪಸ್ ಕೊಟ್ಬಿಡ್ತೀನಿ, ಬೇರೆ ಎಲ್ಲಾದ್ರೂ ಕೆಲಸಕ್ಕೆ ಸೇರ್ತೀನಿ ಅಂತಿದ್ದಾರೆ ಅಕ್ಕಾ. ಯಜಮಾನರ ಸ್ಟೂಲನ್ನ ಇನ್ನೂ ಮುಟ್ಟಿಲ್ಲ. ನೆಲದ ಮೇಲೇ ಕೂತು ಪಂಕ್ಚರ್ ಹಾಕ್ತಾರೆ."

"ಓಹೋ, ಜಗಳ ಅಕ್ಷರದ ಜೊತೆಗಲ್ಲ ಹಾಗಾದ್ರೆ" ಎಂದಳು ಅಕ್ಕ. ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವುದೇಕೆಂದು ನಾನು ಸೆರಗು ಜಗ್ಗಿದೆ. ಅವಳು ಆಗಲೇ ಹಳೆಯ ಯಜಮಾನರ ಮನೆಯ ದಾರಿ ಹಿಡಿದಿದ್ದಳು.

ಯಜಮಾನರು ಕಿಟಕಿಯ ಬಳಿ ಕುಳಿತಿದ್ದರು. ಅಕ್ಕ ಸುತ್ತಿ ಬಳಸಿ ಮಾತಾಡುವವಳಲ್ಲ. "ನೀವು ಅಂಗಡಿ ಕೊಟ್ರಿ ಯಜಮಾನ್ರೇ. ಅವನಿಗೆ ಅದಿನ್ನೂ ತಲುಪಿಲ್ಲ" ಎಂದಳು.

ಅವರು ಕಿಟಕಿಯಿಂದ ಮುಖ ಈಚೆ ತಿರುಗಿಸಿದರು. "ನಾನು ಆ ಬೀದಿಗೆ ಹೋಗೋದೇ ಬಿಟ್ಟಿದ್ದೀನಮ್ಮ. ಹೋದ್ರೆ ಇನ್ನೂ ನಂದೇ ಅನ್ನಿಸಿಬಿಡತ್ತೇನೋ ಅಂತ ಭಯ."

"ನಿಮ್ಮ ಸೈಕಲ್ ಸರಿಯಾಗಿದೆಯಾ?" ಎಂದು ಕೇಳಿದಳು ಅಕ್ಕ.

ಮರುದಿನ ಬೆಳಿಗ್ಗೆ ಅವಳು ಮೊದಲಿನ ಹಾಗೇ 'ಬಾಸ್‌ನ ಸೈಕಲ್ ಅಂಗಡಿ' ಎಂದು ಬರೆದಳು. ಬಾಸ್ ಒದ್ದೆ ಬಟ್ಟೆ ಹಿಡಿದೇ ನಿಂತಿದ್ದ. ಆಗ ಯಜಮಾನರು ಸೈಕಲ್ ತಳ್ಳಿಕೊಂಡು ಬಂದರು. ಚೈನು ಜೋತಾಡುತ್ತಿತ್ತು. ಅವರ ಕೈ ನಡುಗಿದ ಹಾಗೆಲ್ಲ ಬೆಲ್ಲು ಸಣ್ಣಗೆ ಸದ್ದು ಮಾಡುತ್ತಿತ್ತು. ಬೋರ್ಡು ಓದಿದರು. ಹೊಸ್ತಿಲ ಹೊರಗೇ ನಿಂತರು.

"ಚೈನ್ ಕಳಚಿದೆ. ಒಳಗೆ ಬರಬಹುದಾ?"

ದರ್ಜಿಯ ಮಿಷನ್ನು ನಿಂತಿತು. ಜೀವಮಾನವೆಲ್ಲ ಆ ಶಟರ್ ಎತ್ತಿದ ಮನುಷ್ಯ ಅಪ್ಪಣೆ ಕೇಳುತ್ತಿದ್ದರು.

"ಇದೇನು ಕೇಳ್ತೀರಿ ಬಾಸ್, ಇದು ನಿಮ್ಮ..." ಎಂದು ಅವನು ಅರ್ಧಕ್ಕೇ ನಿಲ್ಲಿಸಿದ. ಯಜಮಾನರು ಕಾಲೆತ್ತಲಿಲ್ಲ. ಕರೆಯಲಿ ಎಂದು ಕಾದರು.

ಬಾಸ್ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನೋಡಿದ. ಒಳಗೆ ಹೋಗಿ ಅದರಿಂದಲೇ ಸ್ಟೂಲನ್ನು ಚೆನ್ನಾಗಿ ಒರೆಸಿ, ಬಾಗಿಲ ಬಳಿ ತಂದಿಟ್ಟ. ಒಳಗಿದ್ದ ಅವನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಬನ್ನಿ, ಕೂತ್ಕೊಳ್ಳಿ" ಎಂದ. "ನನ್ನ ಅಂಗಡಿಗೆ ಬಂದೋರನ್ನ ನಾನು ನಿಲ್ಲಿಸಿ ಮಾತಾಡ್ಸಲ್ಲ."

ಯಜಮಾನರು ಒಳಗೆ ಬಂದು ಕುಳಿತರು. ಅಕ್ಕ ಬಣ್ಣದ ಡಬ್ಬಿಯ ಮುಚ್ಚಳ ಕಿತ್ತಳು.

"ಸಂಜೆವರೆಗೂ ಕಾಯ್ಬೇಕಲ್ಲಕ್ಕ?" ಎಂದೆ.

"ಏಣಿ ಹಿಡಿ" ಎಂದಳು.