ನಿಜಾಮೋದ್ದೀನ ಬಿಳಿ ಎಂದ ಹೊಗೆ

ಬೀದರಿಗೆ ಅಂಟಿಕೊಂಡ ನೌಬಾದದಲ್ಲಿ ನಿಜಾಮೋದ್ದೀನನ ಗ್ಯಾರೇಜು ಎಲ್ಲಿ ಎಂದು ಕೇಳಿದರೆ, ಜನ ದಾರಿ ತೋರಿಸುವ ಮೊದಲು ಅವನ ಕಣ್ಣಿನ ಬಗ್ಗೆ ಎರಡು ಮಾತು ಆಡುತ್ತಿದ್ದರು. ರಸ್ತೆಯ ಮೇಲೆ ಹೋಗುವ ಗಾಡಿಯ ಹೊಗೆ ನೋಡಿಯೇ ಎಂಜಿನ್ನಿನ ಹೊಟ್ಟೆಯಲ್ಲಿ ಏನಾಗಿದೆ ಎಂದು ಹೇಳಿಬಿಡುತ್ತಾನೆ ಎನ್ನುತ್ತಿದ್ದರು. ಅದಕ್ಕೆ ಉಪ್ಪುಖಾರ ಹಚ್ಚಿದ್ದು ನಿಜ, ಆದರೆ ಮಾತು ಸುಳ್ಳಾಗಿರಲಿಲ್ಲ. ಹೊಗೆ ನೀಲಿಯಾದರೆ ಪಿಸ್ಟನ್ನಿನ ರಿಂಗು ಸವೆದು ಎಂಜಿನ್ನು ಎಣ್ಣೆ ಕುಡಿಯುತ್ತಿದೆ ಎಂದರ್ಥ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಎಂಜಿನ್ನಿನ ಮುಚ್ಚಳವಾದ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಒಡೆದು ನೀರು ಒಳಗಿಳಿಯುತ್ತಿದೆ. ಬಾಯಿಪಾಠ ಯಾರಿಗೆ ಬರುವುದಿಲ್ಲ? ಆದರೆ ಹೊಗೆಯ ಬಣ್ಣ ಅಷ್ಟು ಸಲೀಸಾಗಿ ತನ್ನನ್ನು ಒಪ್ಪಿಸುವುದಿಲ್ಲ. ಬಿಸಿಲಲ್ಲಿ ಒಂದು, ನೆರಳಲ್ಲಿ ಒಂದು. ನಿಜಾಮೋದ್ದೀನ ಮಾತ್ರ ತಪ್ಪುತ್ತಿರಲಿಲ್ಲ. ತಪ್ಪುವುದಿಲ್ಲ ಎಂಬುದು ಅವನ ತಲೆಗೂ ಸ್ವಲ್ಪ ಏರಿತ್ತು.

ಅವನೂ ಭಾಲ್ಕಿಯ ಅನೀಲಕುಮಾರನೂ ಬೀದರಿನಲ್ಲಿ ಒಬ್ಬನೇ ಉಸ್ತಾದನ ಕೈಕೆಳಗೆ ಕೆಲಸ ಕಲಿತವರು. ಒಂದೇ ಡಬ್ಬಿಯಲ್ಲಿ ಉಂಡವರು. ಅನೀಲನಿಗೆ ಹೊಗೆಗಿಂತ ಲೋಹ ಒಲಿಯಿತು. ಊರಿಗೆ ಹೋಗಿ ಲೇಥ್ ಮೆಶಿನ್ನು ಹಾಕಿದ. ಬೀದರಿನಲ್ಲೇ ಲೇಥಿನವರು ಬೇಕಾದಷ್ಟು ಇದ್ದರೂ ನಿಜಾಮೋದ್ದೀನ ತನ್ನ ಗಿರಾಕಿಗಳ ಎಂಜಿನ್ ಹೆಡ್ಡುಗಳನ್ನು ಬಸ್ಸಿಗೆ ಹಾಕಿ ಭಾಲ್ಕಿಗೇ ಕಳಿಸುತ್ತಿದ್ದ. ಅವನನ್ನು ನೋಡಿ ಔರಾದಿನ ಮೆಕ್ಯಾನಿಕರೂ ಅಲ್ಲಿಗೇ ಕಳಿಸತೊಡಗಿದರು. ಅನೀಲನ ಮನೆಯ ಒಲೆ ಉರಿಯುತ್ತಿದ್ದುದು ಆ ಹೆಡ್ಡುಗಳಿಂದ.

ಠಾಣಾ ಕುಶನೂರಿನ ಹಣಮಂತಪ್ಪ ತನ್ನ ಹಳೆಯ ಪೆಟ್ರೋಲ್ ವ್ಯಾನನ್ನು ತಂದದ್ದು ಅಂಥ ದಿನಗಳಲ್ಲೇ. ಔರಾದಿಗೆ, ಬೀದರಿಗೆ ಮಂದಿ ತುಂಬಿಕೊಂಡು ಹೋಗುವ ಗಾಡಿ ಅದು.

"ಏರು ಬಂತಂದ್ರ ಮಂದಿ ಇಳದು ನಡೀತಾರ್ರಿ ಉಸ್ತಾದ್," ಎಂದ ಹಣಮಂತಪ್ಪ. "ಇನ್ನೊಂದ ಮಾತು..."

ಆ ಇನ್ನೊಂದು ಮಾತು ಅವನ ಬಾಯಲ್ಲೇ ಉಳಿಯಿತು. ನಿಜಾಮೋದ್ದೀನ ಆಗಲೇ ಹೊಗೆ ನೋಡಿಯಾಗಿತ್ತು. ಪ್ಲಗ್ ಬಿಚ್ಚಿ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಚ್ಚಿದಾಗ ಪಕ್ಕಪಕ್ಕದ ಎರಡು ಸಿಲಿಂಡರು ಸೋತಿದ್ದವು. ಇಂಥಲ್ಲಿ ಒಂದು ಚಮಚ ಎಣ್ಣೆಯನ್ನು ಸಿಲಿಂಡರಿಗೆ ಬಿಟ್ಟು ಮತ್ತೊಮ್ಮೆ ಗೇಜ್ ಹಚ್ಚುವುದು ಪದ್ಧತಿ. ಮುಳ್ಳು ಏರಿದರೆ ದೋಷ ರಿಂಗಿನದು, ಏರದಿದ್ದರೆ ಮೇಲೆ ಹೆಡ್ಡಿನ ಕಡೆಯದು. ಚಹಾ ಕುಡಿಯುವಷ್ಟೂ ಹೊತ್ತು ಹಿಡಿಯದ ಕೆಲಸ.

"ಬಿಳಿ ಹೊಗಿ. ಗ್ಯಾಸ್ಕೆಟ್ ಹೋಗ್ಯದ," ಎಂದ ನಿಜಾಮೋದ್ದೀನ. ಎಣ್ಣೆಯ ಡಬ್ಬಿ ಕೈಗೆಟುಕುವಲ್ಲೇ ಇತ್ತು, ಅವನು ಅದನ್ನು ಮುಟ್ಟಲಿಲ್ಲ.

ಹೆಡ್ಡು ಭಾಲ್ಕಿಗೆ ಹೋಯಿತು, ಅನೀಲ ಅದರ ಮುಖ ಸವರಿ ಸಮ ಮಾಡಿ ಕಳಿಸಿದ, ಹೊಸ ಗ್ಯಾಸ್ಕೆಟ್ ಬಿತ್ತು. ಗಾಡಿ ಚಾಲೂ ಮಾಡಿದರೆ ಅದೇ ಹೊಗೆ. ಇನ್ನೊಮ್ಮೆ ಬಿಚ್ಚಿ, ಇನ್ನೊಮ್ಮೆ ಕಳಿಸಿದ್ದಾಯಿತು. ಮತ್ತೆ ಅದೇ ಹೊಗೆ. ನಿಜಾಮೋದ್ದೀನನ ಸಿಟ್ಟು ನೆತ್ತಿಗೇರಿತು. ಫೋನು ಮಾಡಿ ಗೆಳೆಯನನ್ನು ನೌಬಾದಕ್ಕೆ ಕರೆಸಿಕೊಂಡ.

ಗ್ಯಾರೇಜಿನ ಮುಂದೆ ಹಣಮಂತಪ್ಪನ ಜೊತೆ ಔರಾದಿನ ಡ್ರೈವರುಗಳೂ ನಿಂತಿದ್ದರು.

"ನೋಡು, ಹೊಗಿ ನೋಡು!" ಎಂದು ಎಲ್ಲರೆದುರು ಕೂಗಿದ ನಿಜಾಮೋದ್ದೀನ. "ಎರಡು ಸಲಾನೂ ಹೆಡ್ ಸೊಟ್ಟ ಹೊಡದಿ. ನಿನ್ನ ಕೈ ಸೋತಾವೋ ಅನೀಲ. ಲೇಥ್ ಮಾರಿ ಮನ್ಯಾಗ ಕೂಡು."

ಅನೀಲಕುಮಾರ ಹೊಗೆಯನ್ನು ನೋಡಿದ. ಆಮೇಲೆ ಗೆಳೆಯನ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದ. "ಇರಬಹುದು," ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಅವನು ಭಾಲ್ಕಿ ಮುಟ್ಟುವ ಮೊದಲೇ ಮಾತು ಡ್ರೈವರುಗಳ ಜೊತೆ ಗಾಡಿ ಹತ್ತಿ ಔರಾದಿನ ಮೆಕ್ಯಾನಿಕರನ್ನು ಮುಟ್ಟಿತು. ಹಣಮಂತಪ್ಪನೂ ಇನ್ನು ಈ ಗಾಡಿಗೆ ಸುರಿಯುವುದು ಸಾಕೆಂದು ಅದನ್ನು ಹಾಗೇ ಓಡಿಸಿಕೊಂಡು ಹೋದ.

ಮುಂದಿನ ವರ್ಷ ನಿಜಾಮೋದ್ದೀನ ವೈರಿಂಗ್ ಮಾಡುವಾಗ ಕಪ್ಪು ವೈರಿನ ಜಾಗಕ್ಕೆ ನೀಲಿ ವೈರು ಜೋಡಿಸಿ ಫ್ಯೂಸು ಸುಟ್ಟ. ಹೆಂಡತಿ ಅಕ್ತರಬೀ ಕೈಹಿಡಿದು ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಮೋತಿಬಿಂದು. ಕಣ್ಣಿನ ಒಳಗಿನ ಪೊರೆ ಚಹಾದ ಬಣ್ಣಕ್ಕೆ ತಿರುಗಿದೆ, ಇಂಥ ಪೊರೆ ಮೊದಲು ನೀಲಿಯನ್ನೇ ನುಂಗುವುದು ಎಂದರು ಡಾಕ್ಟರು. ಆಪರೇಶನ್ ಆಗಿ ಚಿದ್ರಿಯಲ್ಲಿದ್ದ ತನ್ನ ಮನೆಗೆ ಬಂದವನು ಹೆಂಡತಿಯ ತಲೆಯ ಮೇಲಿನ ಓಢಣಿ ನೋಡಿ ಬೆರಗಾದ.

"ಹೊಸಾದು ಯಾವಾಗ ತಂದಿ? ಎಷ್ಟು ನೀಲಿ ಅದ!"

"ನೀವೇ ತಂದಿದ್ದು ಅಲ್ಲೇನ್ರೀ, ಹೋದ ಈದಿಗಿ. ಬೂದಿ ಬಣ್ಣ ನಿನಗ ಒಪ್ತದ ಅಂದಿದ್ರಿ," ಎಂದು ಅಕ್ತರಬೀ ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ.

ಆ ನಗು ಗ್ಯಾರೇಜಿನ ಬಾಗಿಲು ಮತ್ತೆ ತೆರೆದ ವಾರದಲ್ಲೇ ಆರಿತು. ಹಣಮಂತಪ್ಪ ಬ್ಯಾಟರಿ ತೋರಿಸಲು ವ್ಯಾನು ತಂದು ನಿಲ್ಲಿಸಿದ. ಅದರ ಹಿಂದೆ ಎದ್ದ ಹೊಗೆ ನೀಲಿಯಾಗಿತ್ತು. ಯಾವ ಬಿಸಿಲಲ್ಲಿ, ಯಾವ ನೆರಳಲ್ಲಿ ನೋಡಿದರೂ ನೀಲಿಯೇ. ನಿಜಾಮೋದ್ದೀನ ಪ್ಲಗ್ ಬಿಚ್ಚಿದ, ಸೋತ ಸಿಲಿಂಡರುಗಳಿಗೆ ಎಣ್ಣೆ ಬಿಟ್ಟ, ಗೇಜ್ ಹಚ್ಚಿದ. ಮುಳ್ಳು ಏರಿತು.

"ಹಣಮಂತಪ್ಪ, ಇದು ಎಣ್ಣಿ ಕುಡೀತದೇನು?"

"ಅಯ್ಯ, ಡಬ್ಬಿ ಇಟ್ಕೊಂಡೇ ತಿರಗ್ತೇನ್ರಿ. ಅವತ್ತೂ ಅದನ್ನೇ ಹೇಳಬೇಕಂತಿದ್ದೆ. ನೀವು ಹೇಳಗೊಡಲಿಲ್ಲ."

ಮರುದಿನ ಬೆಳಿಗ್ಗೆ ನಿಜಾಮೋದ್ದೀನ ಭಾಲ್ಕಿಯ ಬಸ್ಸು ಹತ್ತಿದ. ಲೇಥ್ ಅಂಗಡಿಯ ಜಾಗದಲ್ಲಿ ಮೊಬೈಲಿನ ಅಂಗಡಿಯಿತ್ತು. ಮನೆ ಹುಡುಕಿಕೊಂಡು ಹೋದಾಗ ಅನೀಲನ ಹೆಂಡತಿ ಸುಂದರಬಾಯಿ, "ಬರ್ರಿ ನಿಜಾಮಭಾಯ್" ಎಂದು ಚಾಪೆ ಹಾಸಿದಳು. ಮೊದಲಿನಂತೆ ಮುಖ ಅರಳಲಿಲ್ಲ. ಅನೀಲ ಈಗ ಬೇರೆಯವರ ಅಂಗಡಿಯಲ್ಲಿ ಪಂಪು ರಿಪೇರಿ ಮಾಡುತ್ತಿದ್ದ. ಕೆಲಸಕ್ಕೆ ಹೊರಡುವ ಅಂಗಿಯಲ್ಲೇ ಬಂದು ಎದುರು ಕುಳಿತ.

"ಹೊಗಿ ನೀಲಿ ಇತ್ತು ಅನೀಲ," ಎಂದ ನಿಜಾಮೋದ್ದೀನ. "ನಿನ್ನ ಕೈಯಾಗ ತಪ್ಪಿರಲಿಲ್ಲ. ನನ್ನ ಕಣ್ಣು ಹೋಗಿದ್ದವು."

"ಗೊತ್ತದ. ಅವತ್ತೇ ನೋಡ್ದೆ."

"ಅವತ್ತೇ? ಮತ್ತ ಯಾಕ ಸುಮ್ಮನಾದಿ?"

"ಅಷ್ಟು ಮಂದಿ ಮುಂದ ಏನ ಹೇಳಲಿ? ನಿಜಾಮಗ ಹೊಗಿ ಕಾಣಂಗಿಲ್ಲ ಅಂತ ಹೇಳಲೇನು? ನಿನ್ನ ಗ್ಯಾರೇಜಿಗಿ ಯಾರ ಬರ್ತಿದ್ರು? ನನ್ನ ಲೇಥಿಗಿ ಒಂದಿಷ್ಟು ದಿನ ಮಂದಿ ಬರಲಿಕ್ಕಿಲ್ಲ, ಆಮ್ಯಾಲ ಮರೀತಾರ ಅಂದ್ಕೊಂಡೆ." ಅನೀಲ ಹೆಂಡತಿಯ ಕಡೆ ನೋಡಿ ದನಿ ತಗ್ಗಿಸಿದ. "ಮರೀಲಿಲ್ಲ."

ನಿಜಾಮೋದ್ದೀನ ಹಟಕ್ಕೆ ಬಿದ್ದವನಂತೆ ಕೇಳಿದ: "ಮಂದಿ ಮುಂದ ಬ್ಯಾಡ. ನನಗ ಒಬ್ಬನಿಗರೆ ಹೇಳಬೇಕಿತ್ತಲ್ಲೋ."

"ಬಂದಿದ್ದೆ," ಎಂದ ಅನೀಲ. "ಮರುದಿನಾನೇ ನೌಬಾದಕ್ಕ ಬಂದಿದ್ದೆ. ನೀ ಗಾಡಿ ಕೆಳಗ ಮಲಗಿ ಕೆಲಸ ಮಾಡ್ತಿದ್ದಿ. ಎರಡು ಸಲ ಕರದೆ. ನಿನಗ ಕೇಳಲಿಲ್ಲೋ ಏನೋ."

ನಿಜಾಮೋದ್ದೀನನಿಗೆ ಕೇಳಿತ್ತು. ಗಾಡಿಯ ಕೆಳಗಿನಿಂದ ಅನೀಲನ ಚಪ್ಪಲಿ, ಎಡಗಾಲಿನ ಹೆಬ್ಬೆರಳಿನ ಹಳೆಯ ಗಾಯ, ಎಲ್ಲವೂ ಕಂಡಿತ್ತು. ಆ ಕಾಲುಗಳು ನಿಂತು ನಿಂತು ತಿರುಗಿ ಹೋಗುವವರೆಗೂ ಅವನು ಬಿಗಿಯಾಗಿದ್ದ ಬೋಲ್ಟನ್ನೇ ಮತ್ತೆ ಮತ್ತೆ ಬಿಗಿಯುತ್ತ ಮಲಗಿದ್ದ.