ಮಾವನ ಪದಕ, ಮೊಂಡಿಯ ಪಾಲು

ನಮ್ಮ ಮಾವನವರಿಗೆ ಶೌರ್ಯ ಪದಕ ಬಂದಿದೆ ಎಂದರೆ ನಂಬದವರೇ ಹೆಚ್ಚು. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ನಂಬಿರಲಿಲ್ಲ. ಜಿರಳೆ ಕಂಡರೆ ಸ್ಟೂಲು ಹತ್ತಿ, ಪೊರಕೆ ತಾ ಎಂದು ಸೊಸೆಯನ್ನು ಕೂಗುವ ಮನುಷ್ಯ ಯುದ್ಧದಲ್ಲಿ ಪದಕ ತಂದರು ಎಂದರೆ ನಗು ಬರದೆ ಇನ್ನೇನು ಬರುತ್ತದೆ?

ಸೈನ್ಯ ಬಿಟ್ಟ ಮೇಲೆ ಅವರು ಬಸ್ ನಿಲ್ದಾಣದ ಎದುರು ಬ್ಯಾಗ್ ರಿಪೇರಿ ಅಂಗಡಿ ಇಟ್ಟರು. ಮಂಚದಷ್ಟಗಲದ ಜಾಗ. ಗೋಡೆ ತುಂಬ ಗಾಲಿ ಮುರಿದ ಸೂಟ್‌ಕೇಸು, ಪಟ್ಟಿ ಕಿತ್ತ ಶಾಲೆಯ ಚೀಲ. ಡಬ್ಬಿಗಳಲ್ಲಿ ಜಿಪ್ಪು, ಬಕಲ್ಲು. ಚರ್ಮಕ್ಕೆ ದಬ್ಬಳ ಹಾಕುವುದನ್ನು ಅವರು ಕಲಿತದ್ದು ಸೈನ್ಯದಲ್ಲೇ, ಹೇಸರಗತ್ತೆಗಳ ಜೀನು ಹೊಲಿಯುತ್ತ. ಬಂದೂಕು ಹಿಡಿದು ಮೆರೆದವರಲ್ಲ ಅವರು. ಗುಡ್ಡದ ಮೇಲಿನ ಠಾಣೆಗೆ ಹೇಸರಗತ್ತೆಯ ಮೇಲೆ ನೀರು, ಮದ್ದುಗುಂಡು ಸಾಗಿಸುತ್ತಿದ್ದವರು. ಗಿರಾಕಿಗಳ ಬಾಯಲ್ಲಿ ಅವರು ಪದಕದ ತಾತ. ಆದರೆ ಪದಕ ಹೇಗೆ ಬಂತು ಎಂದು ಕೇಳಿದರೋ, ಬಾಯಿಗೆ ಬೀಗ. ಅದೆಲ್ಲ ಹಳೇದು, ನಿಮ್ಮ ಜಿಪ್ಪು ನೋಡೋಣ ಕೊಡಿ ಎಂದು ಮಾತು ಮರೆಸುತ್ತಾರೆ. ವಿನಯ ಎಂದುಕೊಂಡಿದ್ದೆ ನಾನು. ವಿನಯವಂತೆ, ಮಣ್ಣು!

ಕಳೆದ ತಿಂಗಳು ಕ್ಯಾಪ್ಟನ್ ಸಾಹೇಬರ ಫೋನು ಬಂತು. ಮಾವ ಗುಂಡಿನ ಸುರಿಮಳೆಯ ನಡುವಿನಿಂದ ಕರೆತಂದು ಉಳಿಸಿದ ಅಧಿಕಾರಿ ಇವರೇ ಎಂಬುದಷ್ಟೇ ನಮಗೆ ಗೊತ್ತಿತ್ತು. ಈಗ ಅವರೂ ಮುದುಕರು. ದೂರದ ಊರಿನಲ್ಲಿರುವ ಮಗಳ ಮನೆಗೆ ಹೋಗಿ ಅಲ್ಲೇ ಇದ್ದುಬಿಡುವವರು, ಹೋಗುವ ಮೊದಲು ಒಮ್ಮೆ ನೋಡಬೇಕು ಎಂದರು. ನನಗೂ ನನ್ನ ಗಂಡನಿಗೂ ಸಂಭ್ರಮವೋ ಸಂಭ್ರಮ. ಮಾವನಿಗೆ ಮಾತ್ರ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಅತ್ತೆ ಅವರ ಮೇಲೆ ಸಣ್ಣ ದನಿಯಲ್ಲಿ ರೇಗುತ್ತಲೇ ಇದ್ದರು. ಕೊನೆಗೆ ನಾನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು, ಏನೆಂದು ಹೇಳದೆ ಇಬ್ಬರೂ ಕದಲುವ ಹಾಗಿಲ್ಲ ಎಂದೆ.

ಆಗ ಹೊರಬಿತ್ತು. ಪದಕ ಕೊಡುವಾಗ ಓದಿದ ಹೊಗಳಿಕೆಯಲ್ಲಿ, ತನ್ನ ಅಧಿಕಾರಿಯನ್ನು ಉಳಿಸಲು ಜೀವದ ಹಂಗು ತೊರೆದು ಓಡಿದ ಎಂದಿತ್ತಂತೆ. ನಡೆದದ್ದು ಅದಲ್ಲ. ಹತ್ತಿರದಲ್ಲೇ ಶೆಲ್ ಬಿದ್ದು, ಮಾವನ ಹೇಸರಗತ್ತೆ ಹಗ್ಗ ಕಿತ್ತುಕೊಂಡು ಓಡಿತ್ತು. ಮಹಾ ಹಟಮಾರಿ, ಮೊಂಡಿ ಎಂದೇ ಹೆಸರು. ಮಾವನ ಕೈಯಿಂದಲ್ಲದೆ ಮೇವು ಮುಟ್ಟುತ್ತಿರಲಿಲ್ಲ. ಇವರು ಹಿಂದೆಮುಂದೆ ನೋಡದೆ ಅದರ ಬೆನ್ನು ಹತ್ತಿದರು. ಅದು ಸಿಕ್ಕಿದ್ದು ಒಂದು ಕೊರಕಲಿನಲ್ಲಿ. ಅಲ್ಲೇ ತೊಡೆಗೆ ಗುಂಡು ತಗುಲಿ ಕ್ಯಾಪ್ಟನ್ ಬಿದ್ದಿದ್ದರು. ಎತ್ತಿ ಮೊಂಡಿಯ ಬೆನ್ನಿಗೆ ಕಟ್ಟಿ ಕರೆತಂದರು.

"ಆ ಮನುಷ್ಯ ನನ್ನನ್ನ ದೇವರು ಅಂದ್ಕೊಂಡಿದಾರೆ ತಾಯಿ. ನಾನು ಹೋಗಿದ್ದು ಕತ್ತೆಗೆ," ಎಂದರು ಮಾವ. "ಈಗ್ಲೂ ಹೇಳ್ದೆ ಇದ್ರೆ ಇನ್ಯಾವಾಗ?"

ಹೇಳಿದರೆ ಆ ಮುದುಕರ ಮನಸ್ಸು ಮುರಿಯುತ್ತದೆ, ಇಷ್ಟು ವರ್ಷದ ವಿಶ್ವಾಸ ಮಣ್ಣುಪಾಲಾಗುತ್ತದೆ, ಸುಮ್ಮನಿರಿ ಎಂದು ಅತ್ತೆ ಗದರಿದರು. ನಾನೂ ಅತ್ತೆಯ ಕಡೆಯೇ. ಮಾವ ಎದ್ದು ಅಂಗಡಿಗೆ ಹೊರಟೇಬಿಟ್ಟರು.

ಕ್ಯಾಪ್ಟನ್ ಬಸ್ಸಿಳಿದು ಸೀದಾ ಅಂಗಡಿಗೇ ಬಂದರು. ಸುದ್ದಿ ತಿಳಿದು ನಾನು ಟೀ ಫ್ಲಾಸ್ಕ್ ಹಿಡಿದು ಓಡಿದೆ. ಊರುಗೋಲು ಪಕ್ಕಕ್ಕೆ ಒರಗಿಸಿ ಗಿರಾಕಿಗಳ ಸ್ಟೂಲಿನ ಮೇಲೆ ಅವರು ಕೂತಿದ್ದರು. ಮಾವ ಕೂರಲೂ ಒಲ್ಲರು. ಜೇಬಿನಿಂದ ಪದಕ ತೆಗೆದು ಹಲಗೆಯ ಮೇಲಿಟ್ಟು, ಒಂದೇ ಉಸಿರಿಗೆ ಎಲ್ಲವನ್ನೂ ಒದರಿಬಿಟ್ಟರು. ಮಾವನ ಮುಖವನ್ನೇ ನೋಡುತ್ತ ನಾನು ಬಗ್ಗಿಸಿದ ಟೀ ಅರ್ಧ ಹಲಗೆಯ ಪಾಲಾಯಿತು.

ಕ್ಯಾಪ್ಟನ್ ನಕ್ಕುಬಿಟ್ಟರು. ಅವರಿಗೆ ಅವತ್ತೇ ಗೊತ್ತಿತ್ತಂತೆ. ಕೊರಕಲಿಗೆ ಇಳಿಯುವಾಗ ಮಾವ ಮೊಂಡಿಯ ವಂಶವನ್ನೆಲ್ಲ ಜಾಲಾಡಿ ಬೈಯುತ್ತಿದ್ದದ್ದು ಕಿವಿಗೆ ಬಿದ್ದಿತ್ತಂತೆ. ಪದಕಕ್ಕೆ ಬರೆದು ಕಳಿಸಿದವರೂ ಅವರೇ. ಕತ್ತೆ ಹುಡುಕಿಕೊಂಡು ಬಂದ ಎಂದು ಬರೆದಿದ್ದರೆ ಯಾರಪ್ಪ ಕೊಡುತ್ತಿದ್ದರು ಎಂದರು. ಆಮೇಲೆ ನಗು ನಿಂತಿತು.

"ನಿನಗಿಂತ ಮುಂಚೆ ಇಬ್ಬರು ಬಂದಿದ್ರು. ನನ್ನನ್ನೇ ಹುಡುಕ್ಕೊಂಡು. ನೋಡಿದ್ರು, ಗುಂಡು ಜೋರಾಯ್ತು, ವಾಪಸ್ ಹೋದ್ರು. ತಪ್ಪು ಅನ್ನಲ್ಲ, ಅವರಿಗೂ ಹೆಂಡ್ತಿ ಮಕ್ಕಳಿದ್ರು. ನಿನ್ನ ಕತ್ತೆ ನಿನಗೆ ಸಿಕ್ಕಿತ್ತು. ಹಿಡ್ಕೊಂಡು ಹೋಗಬಹುದಿತ್ತು. ನೀನು ನಿಂತೆ."

ಮಾವ ಮೆಲ್ಲಗೆ ಕೂತರು. ಈ ಮನುಷ್ಯನ ಸೊಸೆ ಎಂದು ನನಗೆ ಅವತ್ತು ಆದಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಊಟಕ್ಕೆಂದು ಮೂವರೂ ಮನೆಗೆ ಹೊರಟೆವು. ಕ್ಯಾಪ್ಟನ್ ಊರುಗೋಲು ಊರುತ್ತ ನನ್ನ ಜೊತೆ ನಿಧಾನ ಬರುತ್ತಿದ್ದರು. ಮಾವ ಸರಸರ ಮುಂದೆ ಹೋದರು. ಅತ್ತೆ ಬಾಗಿಲಲ್ಲೇ ನಿಂತಿದ್ದರು, ಮುಖ ನೋಡಿದ್ದೇ ಹೇಳಿಬಿಟ್ಟಿರಾ ಎಂದು ಕೇಳಿದರು.

"ಹೇಳ್ದೆ ಕಣೇ," ಎಂದರು ಮಾವ, ಚಪ್ಪಲಿ ಬಿಡುವುದನ್ನೂ ಮರೆತು. "ಪದಕ ನಂದೇ ಅಂತೆ. ಓಡಿದ್ದಕ್ಕಲ್ವಂತೆ, ನಿಂತಿದ್ದಕ್ಕಂತೆ."