ತಪ್ಪಿನ ತಾಸು

“ಬಾಯಾರ, ನಿಮಗ ಕನ್ನಡ ಬರತೈತೇನ್ರಿ?”

ಗೋಕಾಕದಲ್ಲಿ ನನ್ನ ಮೊದಲ ರೋಗಿ, ಘೋಡಗೇರಿಯ ಒಬ್ಬ ಅಜ್ಜಿ, ನನ್ನನ್ನು ಕೇಳಿದ ಪ್ರಶ್ನೆ ಇದು. ಅದಕ್ಕೆ ಮುಂಚೆ ಐದು ನಿಮಿಷ ನಾನು ಅವರ ಜೊತೆ ಕನ್ನಡದಲ್ಲೇ ಮಾತಾಡಿದ್ದೆ. ಬಾಯಾರು ಎಂದರೆ ಇಲ್ಲಿ ಮೇಡಂ ಎಂದು ಪಕ್ಕದಲ್ಲಿದ್ದ ಸಿಸ್ಟರ್ ಹೇಳಿದರು. ಆದರೆ ನನಗೆ ಕನ್ನಡ ಬರುತ್ತದೆ ಎಂದು ಅಜ್ಜಿಗೆ ಹೇಳುವ ಗೋಜಿಗೆ ಅವರು ಹೋಗಲಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದು, ನಮ್ಮ ಕನ್ನಡವೇ ಕನ್ನಡ ಎಂದು ನಂಬಿದ್ದ ನನಗೆ ಅವತ್ತು ಮುಖಭಂಗವಾಯಿತು.

ನಾನು ಹೆರಿಗೆ ಡಾಕ್ಟರು. ಓದು ಮುಗಿದ ಮೇಲೆ ಒಂದು ವರ್ಷ ಸರಕಾರ ಹೇಳಿದ ಕಡೆ ದುಡಿಯಬೇಕು, ಅಲ್ಲಿಯವರೆಗೆ ನಮ್ಮ ಮೂಲ ಅಂಕಪಟ್ಟಿಗಳು ಅವರ ಬಳಿಯೇ ಇರುತ್ತವೆ. ನನ್ನ ಪಾಲಿಗೆ ಬಂದದ್ದು ಗೋಕಾಕ. ಆಸ್ಪತ್ರೆಯ ಹೆಸರು ಬೇಡ. ಬಂದ ದಿನವೇ ಕ್ಯಾಲೆಂಡರಿನಲ್ಲಿ ಬಿಡುಗಡೆಯ ತಾರೀಖಿಗೆ ಕೆಂಪು ಸುತ್ತು ಹಾಕಿದೆ.

ಮನೆ ಸಿಕ್ಕಿದ್ದು ಒಬ್ಬ ಹೆಂಗಸಿನ ಮಹಡಿಯ ಮೇಲೆ. ಎಲ್ಲರೂ ಅವರನ್ನು ಕಾಕೂ ಎನ್ನುತ್ತಾರೆ, ಮರಾಠಿಯಿಂದ ಬಂದ ಮಾತು, ಚಿಕ್ಕಮ್ಮ ಎಂದ ಹಾಗೆ. ಮೈಸೂರಿನಲ್ಲಿ ನಮ್ಮ ಬೀದಿಯವರು ಗೇಟಿನ ಹೊರಗೆ ನಿಂತು ಕೆಮ್ಮಿ, ಕರೆದರೆ ಒಳಗೆ ಬರುತ್ತಾರೆ. ಕಾಕೂ ನೇರ ಅಡುಗೆಮನೆಗೇ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದರು. “ಇದೇನ್ರಿ, ಬರೇ ಅನ್ನ ಉಂಡ್ರ ದಗದ ಮಾಡೂದು ಹ್ಯಾಂಗ?” ದಗದ ಎಂದರೆ ಕೆಲಸ. ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಇಟ್ಟು, ನನ್ನ ಮದುವೆ ಯಾಕಾಗಿಲ್ಲ ಎಂದು ವಿಚಾರಿಸಿ ಇಳಿದು ಹೋಗುತ್ತಿದ್ದರು. ಅವರು ಬಂದರೆ ಉಸಿರು ಕಟ್ಟುತ್ತಿತ್ತು, ಬಾರದ ದಿನ ಅಳು ಬರುತ್ತಿತ್ತು. ಭಾನುವಾರ ಕಿಟಕಿಯ ಹತ್ತಿರ ಕೂತು ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುವುದೇ ನನ್ನ ಮನರಂಜನೆಯಾಗಿತ್ತು.

ಆಸ್ಪತ್ರೆಯ ಹಿರಿಯರು ಡಾಕ್ಟರ್ ಹೊಸಮನಿ. ತರಬೇತಿಗೆ ಬರುವ ಎಳೆಯ ಡಾಕ್ಟರುಗಳಿಗೆಲ್ಲ ಅವರೇ ಗುರು. ದಿನಾ ಮಧ್ಯಾಹ್ನ ನಾವು ನೋಡಿದ ರೋಗಿಗಳ ಚೀಟಿಗಳನ್ನು ಒಂದೊಂದಾಗಿ ತಿರುವುತ್ತಾರೆ. ಶನಿವಾರ ಒಂದು ಗಂಟೆ ಎಲ್ಲರನ್ನೂ ಕೂರಿಸುತ್ತಾರೆ. ಗಂಟೆಗೆ ಇಲ್ಲಿ ತಾಸು ಎನ್ನುವುದರಿಂದ ಅದಕ್ಕೆ ‘ತಪ್ಪಿನ ತಾಸು’ ಎಂದು ಹೆಸರು. ಆ ವಾರ ಆದ ಒಂದು ತಪ್ಪನ್ನು, ಮಾಡಿದವರೇ ಎದ್ದು ಹೇಳಬೇಕು. ನಾನು ಓದಿದ ಕಡೆ ಪಾಠ ಎಂದರೆ ವಾರ್ಡಿನ ನಡುವೆ, ರೋಗಿಯ ಎದುರಿಗೇ ಮಂಗಳಾರತಿ. ಇದೂ ಅದರ ತಮ್ಮನೇ ಇರಬೇಕು ಎಂದುಕೊಂಡು ಮೊದಲ ಶನಿವಾರ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ.

ಎರಡನೇ ವಾರ ಲಗಮವ್ವ ಬಂದಳು. ಕೌಜಲಗಿಯ ಕುರುಬರ ಮನೆಯ ಸೊಸೆ, ಮೂರನೇ ಬಸಿರು, ಎಂಟನೇ ತಿಂಗಳು. “ಬಾಯಾರ, ಭಾಳ ತಿಂಡಿ ಬಿಟ್ಟೈತ್ರಿ. ರಾತ್ರಿ ನಿದ್ದಿ ಇಲ್ಲ” ಎಂದಳು. ನನಗೆ ನಗು ಬಂತು. ರಾತ್ರಿಯೆಲ್ಲ ಎದ್ದು ತಿನ್ನುವ ಬಸುರಿಯರನ್ನು ಬೇಕಾದಷ್ಟು ನೋಡಿದ್ದೆ. “ಒಳ್ಳೇದೇ ಅಲ್ವಾ, ಹೊಟ್ಟೆ ತುಂಬ ತಿನ್ನಿ” ಎಂದು ಬೆನ್ನು ತಟ್ಟಿ, ಚೀಟಿಯಲ್ಲಿ ಹಸಿವು ಚೆನ್ನಾಗಿದೆ, ನಿದ್ದೆ ಇಲ್ಲ ಎಂದು ಬರೆದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಡಾಕ್ಟರು ಹೇಳಿದ ಮೇಲೆ ಸರಿಯೇ ಇರಬೇಕು ಎಂದುಕೊಂಡು ಹೋದಳು.

ಮಧ್ಯಾಹ್ನ ಆ ಚೀಟಿ ಹೊಸಮನಿ ಸರ್ ಕೈಯಲ್ಲಿ ನಿಂತಿತು. “ಹಸಿವು ಚಲೋ, ನಿದ್ದಿ ಇಲ್ಲ. ಆಕಿ ಏನಂದ್ಲು? ಆಕಿ ಮಾತಿನಾಗ ಹೇಳ್ರಿ, ನಿಮ್ಮ ಮಾತಿನಾಗ ಬ್ಯಾಡ.”

ಹೇಳಿದೆ. ಅವರು ಕನ್ನಡಕ ತೆಗೆದರು. “ತಿಂಡಿ ಅಂದ್ರ ತಿನ್ನೂದಲ್ರಿ ಡಾಕ್ಟರ. ತಿಂಡಿ ಅಂದ್ರ ಕೆರತ. ತಿನ್ನೂದಕ್ಕ ನಾವು ನಾಷ್ಟಾ ಅಂತೀವಿ.”

ದಿನ ತುಂಬುತ್ತಿರುವ ಬಸುರಿಗೆ ರಾತ್ರಿ ಹೊತ್ತು ತುರಿಕೆ ಬಂದರೆ ಯಕೃತ್ತಿನ ಕಡೆ ನೋಡಬೇಕು. ಪಿತ್ತ ರಕ್ತಕ್ಕೆ ಸೇರುತ್ತಿದ್ದರೆ ಮಗು ಯಾವ ಸೂಚನೆಯೂ ಇಲ್ಲದೆ ಹೊಟ್ಟೆಯಲ್ಲೇ ಪ್ರಾಣ ಬಿಡಬಹುದು. ಈ ಕಾಯಿಲೆಯ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದವಳು ನಾನು.

ಫೋನ್ ಮಾಡಿದರೆ ಅವಳು ಊರಲ್ಲಿರಲಿಲ್ಲ. ಗಂಡ ಹುಕ್ಕೇರಿ ಕಡೆ ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿದ್ದ, ಅಲ್ಲಿಗೆ ಹೋಗಿದ್ದಳು. ಸರ್ ತಮ್ಮ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೊರಟರು. ಸಂಜೆ ಹೊಲ ಸಿಕ್ಕಾಗ ಅವಳು ಕಲ್ಲಿನ ಮೇಲೆ ಕೂತು ಅಂಗಾಲು ಉಜ್ಜಿಕೊಳ್ಳುತ್ತಿದ್ದಳು. ಅಂಗೈ ಕೆರೆದು ಕೆರೆದು ಗೀರಾಗಿತ್ತು. ನನ್ನನ್ನು ಕಂಡು ಎದ್ದು ನಿಂತಳು. “ನೀವ ಹೇಳಿದಂಗ ಹೊಟ್ಟಿ ತುಂಬ ಉಂಡೇನ್ರಿ ಬಾಯಾರ. ಖರೆ, ಕಡಿಮಿ ಆಗವಲ್ದು.”

ಆ ಮಾತು ಕೇಳಿ ನನಗೆ ಅಲ್ಲೇ ಭೂಮಿಗಿಳಿದು ಹೋಗಬೇಕು ಅನ್ನಿಸಿತು. ಅವಳನ್ನು ಕರೆತಂದೆವು. ರಕ್ತಪರೀಕ್ಷೆಯಲ್ಲಿ ಅನುಮಾನ ನಿಜವಾಯಿತು. ವಾರ್ಡಿನಲ್ಲಿಟ್ಟುಕೊಂಡು ದಿನಾ ಮಗುವಿನ ಎದೆಬಡಿತ ಕೇಳಿ, ದಿನ ಪೂರ್ತಿ ತುಂಬುವ ಮುಂಚೆಯೇ ಹೆರಿಗೆ ಮಾಡಿಸಿದೆವು. ಹೆಣ್ಣುಮಗು ಹುಟ್ಟಿದ ಕೂಡಲೇ ಅತ್ತಿತು, ನಾನೂ ಅತ್ತೆ.

ಆ ಹೆರಿಗೆಗೆ ಮುಂಚೆಯೇ ಶನಿವಾರ ಬಂದಿತ್ತು. ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನಾನು ಏಳುವಷ್ಟರಲ್ಲಿ ಹೊಸಮನಿ ಸರ್ ಎದ್ದರು. “ಈ ವಾರದ ತಪ್ಪು ನಂದು. ಮೈಸೂರಿಂದ ಬಂದವ್ರನ್ನ ಇಲ್ಲೀ ಮಾತು ಕಲಿಸದ, ಓಪಿಡಿಯೊಳಗ ಕುಂಡ್ರಿಸಿದೆ. ಒಂದು ಕೂಸು ಹೋಗತಿತ್ತು.” ಅಷ್ಟು ಹೇಳಿ ಕೂತರು.

ನಿಜ ಹೇಳುತ್ತೇನೆ, ನನಗೆ ಮೊದಲು ಸಮಾಧಾನವಾಯಿತು, ಆಮೇಲೆ ವಿಪರೀತ ಸಿಟ್ಟು ಬಂತು. ಬೈದಿದ್ದರೆ ನಾಲ್ಕು ದಿನ ಅತ್ತು, ಅವರನ್ನು ಶಪಿಸಿಕೊಂಡು, ವರ್ಷ ಮುಗಿದ ದಿನ ಬೆನ್ನು ತಿರುಗಿಸಿ ಹೋಗಬಹುದಿತ್ತು. ಅವರು ತಮ್ಮ ತಲೆಯ ಮೇಲೆ ಹಾಕಿಕೊಂಡ ಮೇಲೆ ನಾನು ಎಲ್ಲಿಗೆ ಓಡಲಿ?

ಸೋಮವಾರ ಸರ್ ಇಟ್ಟ ಒಂದು ನೋಟ್‌ಬುಕ್ ನನ್ನ ಮೇಜಿನ ಮೇಲಿತ್ತು. ರೋಗಿಗಳ ಮಾತುಗಳನ್ನು ಬರೆದಿಟ್ಟು ಹೊಸದಾಗಿ ಬರುವವರಿಗೆ ನಾನೇ ಕಲಿಸಬೇಕಂತೆ. ನಡಾ ಎಂದರೆ ಸೊಂಟ, ಚಕ್ಕರ್ ಎಂದರೆ ತಲೆಸುತ್ತು, ಆರಾಮಿಲ್ಲ ಎಂದರೆ ವಿಶ್ರಾಂತಿ ಇಲ್ಲ ಎಂದಲ್ಲ, ಹುಷಾರಿಲ್ಲ ಎಂದು. ಕಾಕೂ ದಿನಾ ಎರಡು ಹೊಸ ಮಾತು ಕೊಟ್ಟು, ನನ್ನ ಉಚ್ಚಾರಕ್ಕೆ ನಗುತ್ತಿದ್ದರು. ವರ್ಷದ ಕೊನೆಗೆ ಮಂಗಳೂರಿನಿಂದ ಬಂದ ಹುಡುಗಿಯೊಬ್ಬಳಿಗೆ ನಾನು, ಮೈಸೂರಿನವಳು, ಗೋಕಾಕದ ಕನ್ನಡ ಹೇಳಿಕೊಡುತ್ತಿದ್ದೆ. ಮೂಡಲಗಿಯ ಒಬ್ಬ ಬಾಣಂತಿ ನನ್ನನ್ನು “ನಮ್ಮ ಬಾಯಾರು” ಎಂದಾಗ ಹಿಗ್ಗಿದೆ. ಹಿಗ್ಗಿದ್ದಕ್ಕೆ ಭಯವೂ ಆಯಿತು.

ಕೆಂಪು ಸುತ್ತಿನ ತಾರೀಖು ಬಂತು, ದಾಟಿತು, ನಾನು ಅಲ್ಲೇ ಕೆಲಸದಲ್ಲಿ ಮುಂದುವರಿದೆ. ಆಮೇಲೆ ಮೈಸೂರಿನಲ್ಲಿ ನಾನು ಓದಿದ ಕಾಲೇಜಿನಲ್ಲೇ ಪಾಠ ಹೇಳುವ ಕೆಲಸ ಸಿಕ್ಕಿತು. ಈ ತಿಂಗಳ ಕೊನೆಯೊಳಗೆ ಸೇರಿಕೊಳ್ಳಬೇಕು, ಅದಕ್ಕೆ ಹೊಸಮನಿ ಸರ್ ಸಹಿ ಮಾಡಿದ ಬಿಡುಗಡೆ ಪತ್ರ ಬೇಕು. ಅವರ ನಿವೃತ್ತಿ ಹತ್ತಿರವಿದೆ, ಆಮೇಲೆ ಶನಿವಾರದ ತಾಸು ನಾನೇ ನಡೆಸುತ್ತೇನೆ ಎಂದು ಇಡೀ ಆಸ್ಪತ್ರೆ ತೀರ್ಮಾನಿಸಿಬಿಟ್ಟಿದೆ. ನನ್ನನ್ನು ಮಾತ್ರ ಯಾರೂ ಕೇಳಿಲ್ಲ. ಬಲೆಯೊಳಗೆ ಬಿದ್ದಿದ್ದೇನೆ, ಬಲೆ ಹಾಕಿದವರು ಯಾರೆಂದೇ ತಿಳಿಯದು ಅನ್ನಿಸಿತು. ಜಗಳಕ್ಕೆ ತಯಾರಾಗಿಯೇ ಪತ್ರ ಹಿಡಿದು ಹೋದೆ.

ಅವರು ಓದಿ, ತಕ್ಷಣ ಸಹಿ ಮಾಡಿದರು. “ತಾರೀಖು ನೀವ ಬರಕೊಳ್ರಿ. ನಾ ಬರದ್ರ ನಿಮ್ಮನ್ನ ಕಳಿಸಿದಂಗ ಆಗತೈತಿ.”

“ಉಳಿ ಅಂತಾದರೂ ಹೇಳಿಬಿಡಿ ಸರ್” ಎಂದೆ. ದನಿ ಏರಿತ್ತು.

“ನಮ್ಮ ಗುರುಗಳು ನನಗ ಇಲ್ಲೇ ಇರು ಅಂದ್ರು. ಎದುರಾಡಾಕ ಬಾಯಿ ಬರಲಿಲ್ಲ, ಇದ್ನಿ. ಹತ್ತು ವರ್ಷ ಅವರ ಮ್ಯಾಲಿನ ಸಿಟ್ಟು ನನ್ನ ಕೈಕೆಳಗಿನ ಹುಡುಗರ ಮ್ಯಾಲ ತೀರಿಸಿಕೊಂಡ್ನಿ. ಅದೂ ಒಂದು ತಪ್ಪು. ನಿಮ್ಮ ಕೂಡ ಅದನ್ನ ಮಾಡಂಗಿಲ್ಲ.”

ಪತ್ರ ನನ್ನ ಮೇಜಿನ ಡ್ರಾಯರಿನಲ್ಲಿದೆ. ತಿಂಗಳು ಮುಗಿಯಲು ಇನ್ನು ಕೆಲವೇ ದಿನ. ದಿನಾ ಬೆಳಿಗ್ಗೆ ತೆಗೆದು ನೋಡಿ, ಪೆನ್ನಿನ ಮುಚ್ಚಳ ಬಿಚ್ಚಿ, ಮತ್ತೆ ಹಾಕಿ ವಾರ್ಡಿಗೆ ಹೋಗುತ್ತೇನೆ. ನಿನ್ನೆ ಅಮ್ಮ ಫೋನ್ ಮಾಡಿದ್ದಳು. ನನ್ನ ರೂಮಿಗೆ ಸುಣ್ಣ ಹೊಡೆಸಿದ್ದಾಳಂತೆ.

“ಅವರು ನಿನ್ನ ಬಿಟ್ಟರೇನೇ?” ಎಂದು ಕೇಳಿದಳು.

“ಬಿಟ್ಟರಮ್ಮ.”

“ಮತ್ತೆ ಯಾಕೆ ಬಂದಿಲ್ಲ?”

“ದಗದ ಭಾಳ ಐತಮ್ಮ” ಎಂದೆ, ಅದು ಗೋಕಾಕದ ಕನ್ನಡ ಎಂದು ಫೋನ್ ಇಟ್ಟ ಮೇಲೆ ಹೊಳೆಯಿತು.